ಹೆಡ್‌ಫೋನ್ ಒಲ್ಲದ ಹುಡುಗಿ

ಮಕ್ಕಳಿಂದ ಕಚ್ಚಿಸಿಕೊಳ್ಳುವುದು ನನ್ನ ಕೆಲಸದಲ್ಲಿ ಹೊಸದಲ್ಲ. ನಮ್ಮ ವೃತ್ತಿಯವರ ಮುಂಗೈ ನೋಡಿದರೆ ಸಾಕು, ಯಾರಿಗೆಷ್ಟು ಸರ್ವಿಸ್ ಆಗಿದೆ ಎಂದು ಹೇಳಬಹುದು. ಆದರೆ ಆ ಹುಡುಗಿ ಮೊದಲ ಸಲ ಕಚ್ಚಿದಾಗ ನನಗೆ ನೋವಿಗಿಂತ ಸಿಟ್ಟೇ ಹೆಚ್ಚಾಗಿ ಬಂತು. ಹುಡುಗಿಯ ಮೇಲಲ್ಲ. ಪುಸ್ತಕ ಹೇಳಿದ್ದನ್ನೆಲ್ಲ ಒಂದೂ ತಪ್ಪದೆ ಮಾಡಿದ್ದೆ, ಆದರೂ ಹೀಗಾಯಿತಲ್ಲ ಎಂಬ ಸಿಟ್ಟು.

ನನ್ನ ಥೆರಪಿ ಕೋಣೆ ತೆಲಂಗಾಣದ ಜಹೀರಾಬಾದಿನಲ್ಲಿ, ಹೆದ್ದಾರಿಯಿಂದ ಎರಡು ಗಲ್ಲಿ ಒಳಗಿದೆ. ಮುಂಬೈ ಕಡೆ ಹೋಗುವ ಲಾರಿಗಳ ಹಾರ್ನ್ ಒಳಗೆ ಬರಬಾರದೆಂದು ಕಿಟಕಿಗೆ ದಪ್ಪ ಗಾಜು ಹಾಕಿಸಿ, ಗೋಡೆಗೆ ಹತ್ತಿಯ ಗಾದಿ ಒರಗಿಸಿ, ನೆಲಕ್ಕೆ ಜಮಖಾನೆ ಹಾಸಿದ್ದೇನೆ. ಬೋರ್ಡಿನ ಮೇಲೆ ಆಕ್ಯುಪೇಶನಲ್ ಥೆರಪಿಸ್ಟ್ ಎಂದು ಬರೆಸಿದ್ದರೂ ಊರವರ ಬಾಯಲ್ಲಿ ನಾನು ‘ಕಿವಿ ಮೇಡಂ’. ಸಿಟ್ಟು, ಭಯ, ದುಃಖ ಬಂದಾಗ ಹಿಡಿತ ತಪ್ಪಿ ಕಿರುಚುವ, ಹೊಡೆಯುವ, ಕಚ್ಚುವ ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಅವರಲ್ಲಿ ಕೆಲವರಿಗೆ ನಾನು ಆಲಿಸುವ ಥೆರಪಿ ಕೊಡುತ್ತೇನೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಅದರಲ್ಲಿ ಸಂಗೀತ. ಆ ಸಂಗೀತದಿಂದ ಗುಡುಗುಟ್ಟುವ ತಗ್ಗು ಸ್ವರಗಳನ್ನು ಜರಡಿ ಹಿಡಿದ ಹಾಗೆ ಮೊದಲು ತೆಗೆದಿರುತ್ತಾರೆ, ಆಮೇಲೆ ಸ್ವಲ್ಪ ಸ್ವಲ್ಪವೇ ವಾಪಸು ಸೇರಿಸುತ್ತಾರೆ. ಕೇಳುತ್ತಾ ಮಗು ಜೋಕಾಲಿ ಆಡುತ್ತದೆ, ಚಿತ್ರ ಬಿಡಿಸುತ್ತದೆ. ಸದ್ದು ಬದಲಾದರೂ ಮೈ ಹೆದರದೆ ಇರುವುದನ್ನು ಕಲಿಯಲಿ ಎಂಬುದು ಲೆಕ್ಕ. ಇದು ಮಂತ್ರವಲ್ಲ. ಇದನ್ನು ನಂಬದವರು ನಮ್ಮ ವೃತ್ತಿಯಲ್ಲೇ ಇದ್ದಾರೆ, ಅವರ ಜೊತೆ ನಾನೂ ಅರ್ಧ ದಿನ ಜಗಳ ಆಡುತ್ತೇನೆ, ಅರ್ಧ ದಿನ ಹೌದು ಅನ್ನುತ್ತೇನೆ.

ಹುಡುಗಿಗೆ ಏಳು ವರ್ಷ. ಊರು ತಾಂಡೂರಿನಿಂದ ಪೆದ್ದೆಮುಲ್ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ. ತಂದೆ ತಾಂಡೂರಿನ ತೊಗರಿಬೇಳೆ ಮಿಲ್ಲಿನಲ್ಲಿ ಸೂಪರ್‌ವೈಸರ್. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಹಳ್ಳಿಯ ಶಾಲೆಯಲ್ಲಿ ಇದ್ದಷ್ಟು ದಿನ ಯಾರೂ ಅವಳ ಬಗ್ಗೆ ದೂರು ಹೇಳಿರಲಿಲ್ಲ. ಈ ಜೂನ್‌ನಲ್ಲಿ ಪಟ್ಟಣದ ಶಾಲೆಗೆ ಹಾಕಿದರು, ಅಲ್ಲಿಂದ ಶುರುವಾಯಿತು. ಕುಳಿತಲ್ಲೇ ಕಿರುಚುವುದು, ಪಕ್ಕದವರಿಗೆ ಹೊಡೆಯುವುದು. ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಮುಂದೆ ನಿಂತಿದ್ದ ಹುಡುಗಿಯ ಭುಜಕ್ಕೆ ಹಲ್ಲು ಊರಿಬಿಟ್ಟಳು. ಆ ಮಗುವಿನ ತಾಯಿ ಶಾಲೆಗೆ ಬಂದು ರಂಪ ಮಾಡಿದರು, ಮಾಡದೆ ಇರುತ್ತಾರೆಯೇ? ದಸರಾ ರಜೆಯ ಒಳಗೆ ಸರಿಹೋಗದಿದ್ದರೆ ಟಿ.ಸಿ. ಎಂದು ಶಾಲೆ ಹೇಳಿತು. ತಂದೆ ಹೈದರಾಬಾದಿನಲ್ಲಿ ಇಂಥ ಮಕ್ಕಳ ವಸತಿ ಶಾಲೆಯೊಂದರಲ್ಲಿ ಸೀಟು ಮಾತಾಡಿ ಬಂದರು. ರಜೆ ಮುಗಿದ ದಿನ ಒಂದೋ ಈ ಶಾಲೆ, ಇಲ್ಲವೇ ಹೈದರಾಬಾದು.

"ಮೇಡಂ, ಇಕಿ ರಾತ್ರಿ ನನ್ನ ಸೆರಗ ಹಿಡ್ಕೊಂಡ ಮಲಗ್ತಾಳ್ರಿ," ಎಂದರು ತಾಯಿ ಮೊದಲ ದಿನ. "ಅಲ್ಲಿ ಯಾರ ಸೆರಗ ಹಿಡೀಬೇಕ್ರಿ ಇಕಿ?"

ನಾನು ನನ್ನ ಪ್ರಶ್ನೆಗಳನ್ನು ಶುರುಮಾಡಿದೆ. ಕಿವಿಯ ಪರೀಕ್ಷೆ ಮಾಡಿಸಿದ್ದರು, ಕೇಳಿಸುವುದರಲ್ಲಿ ದೋಷವಿರಲಿಲ್ಲ. ನಿದ್ದೆ, ಊಟ, ಆಟ ಎಲ್ಲ ಕೇಳಿದ ಮೇಲೆ, "ಮನಿ ಹತ್ರ ಜೋರ್ ಸಪ್ಪಳ ಏನರೆ ಅದ ಏನ್ರಿ? ಗಿರಣಿ, ಡಿಜೆ, ಲಾರಿ?" ಎಂದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಏನೂ ಇಲ್ರಿ. ನಮ್ಮೂರ ಭಾಳ ಶಾಂತ ಅದ," ಎಂದರು ತಂದೆ. ತಾಯಿಯೂ ಹೌದೆಂದು ತಲೆ ಆಡಿಸಿದರು. ನಾನು ಮುಂದಿನ ಪ್ರಶ್ನೆಗೆ ಹೋದೆ.

ನನ್ನ ಕೋಣೆಯಲ್ಲಿ ಹುಡುಗಿ ಚೆನ್ನಾಗಿಯೇ ಇದ್ದಳು. ಮಾತು ಕಡಿಮೆ, ಕೆಲಸ ಜಾಸ್ತಿ. ಜೋಳ ತುಂಬಿದ ಚೀಲವನ್ನು ಈ ಗೋಡೆಯಿಂದ ಆ ಗೋಡೆಗೆ ಹೊರುವುದೆಂದರೆ ಅವಳಿಗೆ ಹಬ್ಬ. ಕೀಲುಗಳ ಮೇಲೆ ಭಾರ ಬಿದ್ದರೆ ಮೈ ತಣ್ಣಗಾಗುತ್ತದೆ, ಆದ್ದರಿಂದ ಹೆಡ್‌ಫೋನ್‌ಗೆ ಮುಂಚೆ ನಾನು ಎಲ್ಲ ಮಕ್ಕಳಿಗೂ ಇಂಥದ್ದನ್ನು ಕೊಡುತ್ತೇನೆ. ಒಂದು ವಾರ ಹೀಗೆ ಒಗ್ಗಿಸಿದ ಮೇಲೆ ಮೀಟರ್ ಹಿಡಿದು ಹೆಡ್‌ಫೋನಿನ ಸದ್ದು ಅಳೆದೆ. ಪಿಸುಮಾತಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹಿಂದಿನಿಂದ ಬಂದು ಮೆಲ್ಲಗೆ ಅವಳ ಕಿವಿಗೆ ತೊಡಿಸಿದೆ. ನಾನು ಬಳಸುವ ಧ್ವನಿಮುದ್ರಣದಲ್ಲಿ ಕಿವಿ ಹದಕ್ಕೆ ಬರಲೆಂದು ಮೊದಲು ಸ್ವಲ್ಪ ಹೊತ್ತು ನಿಶ್ಶಬ್ದ ಬಿಟ್ಟಿರುತ್ತಾರೆ. ಹುಡುಗಿಯ ಕತ್ತು ಭುಜದೊಳಗೆ ಇಳಿಯಿತು. ಕಾಲಿನ ಬೆರಳು ಮುದುಡಿದವು, ಉಸಿರು ನಿಂತಿತು. ಸಂಗೀತ ಬರುವ ಮುಂಚೆಯೇ ನನ್ನ ಮಣಿಕಟ್ಟು ಅವಳ ಬಾಯಲ್ಲಿತ್ತು.

ಮರುದಿನ ಮತ್ತೆ ಪ್ರಯತ್ನ ಮಾಡಿದೆ. ಸದ್ದು ಇನ್ನೂ ಇಳಿಸಿದೆ, ಮೊದಲಿನ ನಿಶ್ಶಬ್ದವನ್ನು ಇನ್ನಷ್ಟು ಉದ್ದ ಮಾಡಿದೆ. ಈ ಮಗುವಿಗೆ ಸದ್ದು ಹೆಚ್ಚಾಗಿದೆ, ಇದಕ್ಕೆ ಶಾಂತಿ ಬೇಕು ಎಂಬುದು ನನ್ನ ತೀರ್ಮಾನವಾಗಿತ್ತು. ಅವಳು ಹೆಡ್‌ಫೋನ್ ಕಿತ್ತು ಗೋಡೆಗೆ ಎಸೆದಳು. ಮೂರನೆಯ ಸಲ, ಅದು ನನ್ನ ಕೈಯಲ್ಲಿ ಕಂಡೊಡನೆ ಬಾಗಿಲಿಗೆ ಓಡಿದಳು.

ಶಾಲೆಗೆ ಫೋನ್ ಮಾಡಿ, ಅವಳಿಗೆಂದು ಒಂದು ಶಾಂತವಾದ ಮೂಲೆ ಕೊಡಿ ಎಂದು ಕೇಳಿದೆ. ಪಾಪ, ಅವರು ಹರಿದ ನಕಾಶೆಗಳನ್ನೆಲ್ಲ ತೆಗೆದು ಸ್ಟೋರ್ ರೂಮನ್ನೇ ಖಾಲಿ ಮಾಡಿಕೊಟ್ಟರು. ಅಲ್ಲಿ ಕೂಡಿಸಿದ ದಿನ ಅವಳು ಕಿರುಚಿದ ರಭಸಕ್ಕೆ ಪಕ್ಕದ ತರಗತಿಯ ಪಾಠ ನಿಂತಿತಂತೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದ ಹಾಗಾಯಿತು. ಆದರೂ ನನಗೆ ಬುದ್ಧಿ ಬರಲಿಲ್ಲ. ಇನ್ನೂ ಹೆಚ್ಚಿನ ಶಾಂತಿ ಎಲ್ಲಿ ಸಿಗುತ್ತದೆ ಎಂದು ಹುಡುಕಿದೆ.

ಅದು ಸಿಕ್ಕಿದ್ದು ನಾರಾಯಣಖೇಡದಲ್ಲಿ. ಹುಡುಗಿಯ ಸೋದರತ್ತೆಯ ಮನೆ ಅಲ್ಲಿ ಊರು ಮುಗಿದು ಹೊಲ ಶುರುವಾಗುವ ಕಡೆ ಇದೆ. ನಾನೂ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಮಕ್ಕಳನ್ನು ನೋಡುತ್ತೇನೆ. ರಜೆಗೆ ಇನ್ನೂ ಸಮಯವಿತ್ತು, ಶಾಲೆ ಬಿಡಿಸಿ ಸ್ವಲ್ಪ ದಿನ ಅಲ್ಲಿಡಿ ಎಂದೆ. ಮಧ್ಯಾಹ್ನ ಆ ಮನೆಯಲ್ಲಿ ಕುಳಿತರೆ ತೊಗರಿ ಗಿಡದ ಎಲೆ ಅಲುಗುವುದೂ ಕೇಳಿಸುತ್ತದೆ. ಇದಕ್ಕಿಂತ ಒಳ್ಳೆಯ ಔಷಧ ಇನ್ನೇನು ಬೇಕು ಎಂದುಕೊಂಡೆ.

ಮುಂದಿನ ವಾರ ನಾನು ಹೋದಾಗ ಸೋದರತ್ತೆ ಬಾಗಿಲಲ್ಲೇ ನಿಂತಿದ್ದರು. ಅರವತ್ತರ ಹತ್ತಿರದ, ಹಣೆ ತುಂಬ ವಿಭೂತಿಯ, ಯಾರಿಗೂ ಹೆದರದ ಹೆಣ್ಣುಮಗಳು.

"ಬರ್ರಿ ಕಿವಿ ಮೇಡಂ. ನಮ್ಮನ್ಯಾಗ ಈಗ ಒಂದ ತಾಟೂ ಗುಂಡಗ ಉಳ್ದಿಲ್ರಿ. ಸಪ್ಪಳ ನಿಂತ್ರ ಸಾಕು, ಸ್ಟ್ಯಾಂಡಿನ್ಯಾಗಿಂದ ತಾಟು ಜಗ್ಗಿ ನೆಲಕ್ಕ ಬಡೀತಾಳ. ನೀವು ಶಾಂತಿ ಕೇಳಿದ್ರಿ, ನಾವು ಕೊಟ್ವಿ. ಈಗ ನಮ್ಗ ಶಾಂತಿ ಕೊಡೋರ್ ಯಾರ್ರಿ?"

ಅದನ್ನು ಅಂದೇ ಕಣ್ಣಾರೆ ನೋಡಿದೆ. ಕರೆಂಟು ಹೋಗಿ ಫ್ಯಾನ್ ನಿಂತಿತು, ಮನೆ ಗಪ್ಪಾಯಿತು. ಹುಡುಗಿ ಬರೆಯುತ್ತಿದ್ದ ಪೆನ್ಸಿಲ್ ಹಾಗೇ ಹಿಡಿದು ಪಾತ್ರೆಗಳ ಸ್ಟ್ಯಾಂಡಿನ ಕಡೆ ನೋಡಿದಳು. ಕತ್ತು ಒಳಗೆ ಹೋಯಿತು. ಒಂದು ಗಳಿಗೆ ಹಾಗೆ ಬಿಗಿಯಾಗಿ ಕುಳಿತಿದ್ದವಳು ಎದ್ದು ಹೋಗಿ, ತಾಟು ಎಳೆದು ಧಡಾರನೆ ನೆಲಕ್ಕೆ ಬಡಿದಳು. ಬಡಿದ ಮೇಲೆ ಉಸಿರು ಬಿಟ್ಟಳು, ಬಂದು ಮತ್ತೆ ಬರೆಯತೊಡಗಿದಳು. ನನಗೆ ತಲೆ ಕೆಟ್ಟಿತು. ಸದ್ದಿಗೆ ಹೆದರುವ ಮಕ್ಕಳನ್ನು ನೋಡಿದ್ದೇನೆ, ಸದ್ದು ಬೇಕೆಂದು ಹಟ ಹಿಡಿಯುವ ಮಕ್ಕಳನ್ನೂ ನೋಡಿದ್ದೇನೆ. ಹೆದರುತ್ತಾ ಹೆದರುತ್ತಾ ತಾನೇ ಹೋಗಿ ಸದ್ದು ಮಾಡುವ ಮಗುವನ್ನು ನಾನು ನೋಡಿರಲಿಲ್ಲ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ, ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ಕಂಡಕ್ಟರನ ಮೇಲೂ ರೇಗಿಬಿಟ್ಟೆ.

ಆ ವಾರವೇ ತಂದೆ ನನ್ನ ಕೋಣೆಗೆ ಬಂದು ಸ್ಟೂಲಿನ ತುದಿಯಲ್ಲಿ ಕುಳಿತರು. ನಾರಾಯಣಖೇಡದ ಅಕ್ಕ ಇನ್ನು ಆಗುವುದಿಲ್ಲ ಅಂದಿದ್ದರಿಂದ ಮಗಳನ್ನು ಮನೆಗೆ ಕರೆದುಕೊಂಡು ಹೋಗಿದ್ದರು.

"ಮೇಡಂ, ನೀವು ಮನಸಿಟ್ಟ ಮಾಡೀರಿ, ಇಲ್ಲಂತ ಅನ್ನಂಗಿಲ್ಲ. ಆದ್ರ ಪೋರಿ ಮೊದ್ಲಕಿಂತ ಖರಾಬ್ ಆಗ್ಯಾಳ್ರಿ. ನಾನರೆ ಏನ್ ಮಾಡ್ಲಿ? ಇನ್ನೊಬ್ರ ಮಕ್ಳಿಗೆ ಕಚ್ಚಿದ್ರ ಅವ್ರ ಮುಂದ ನಾ ಹೆಂಗ ನಿಂದರ್ಲಿ?" ಅವರು ಒಮ್ಮೆ ಕೆಮ್ಮಿದರು. "ಟ್ರಂಕ್ ತಂದೀನ್ರಿ. ಮ್ಯಾಲೆ ಹೆಸ್ರು ಬರ್ಸೋದೊಂದ ಬಾಕಿ."

"ಬರಸ್ಬ್ಯಾಡ್ರಿ," ಎಂದೆ, ಸ್ವಲ್ಪ ಜೋರಾಗಿಯೇ. "ನಾ ತಾಂಡೂರಿಗೆ ಬರ್ತೀನಿ. ಶಾಲಿ ನೋಡ್ತೀನಿ, ಮನಿ ನೋಡ್ತೀನಿ. ಆಮ್ಯಾಲೆ ಬೇಕಾದ್ರ ಬರಸ್ರಿ."

ಬಾಯಿಂದ ಬಂದುಬಿಟ್ಟಿತ್ತು. ಅಲ್ಲಿಗೆ ಹೋಗಿ ಏನು ಮಾಡಬೇಕೆಂದು ನನಗೇ ತಿಳಿದಿರಲಿಲ್ಲ.

ಶಾಲೆಯ ಹೆಡ್ ಮೇಡಂ ಕೆಟ್ಟವರಲ್ಲ. ಚಹಾ ತರಿಸಿ, "ಒಕ್ಕ ಪಿಲ್ಲ ಕೋಸಂ ಬಡಿ ಮಾರ್ಚಲೇನಮ್ಮಾ," ಎಂದರು, ಒಂದು ಮಗುವಿಗಾಗಿ ಶಾಲೆಯನ್ನೇ ಬದಲಿಸಲಾರೆ ಎಂದು. ಯಾವಾಗ ಯಾವಾಗ ಹೀಗಾಗುತ್ತದೆ ಎಂದು ಕೆದಕಿ ಕೇಳಿದೆ. ಅವರು ಯೋಚಿಸಿ ಹೇಳಿದ ಮಾತು ನನಗೆ ವಿಚಿತ್ರವೆನಿಸಿತು. ಊಟದ ಗದ್ದಲದಲ್ಲಿ ಆಗುವುದಿಲ್ಲ, ಆಟದ ಬಯಲಿನಲ್ಲಿ ಆಗುವುದಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿದು ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿ ನಿಲ್ಲುವಾಗ, ಪರೀಕ್ಷೆ ಬರೆಯುವಾಗ, ಟೀಚರು ‘ಸೈಲೆನ್ಸ್’ ಅಂದಾಗ. ರಜೆ ಮುಗಿದ ದಿನದ ಪ್ರಾರ್ಥನೆಗೆ ಒಂದು ಅವಕಾಶ ಕೊಡುತ್ತೇನೆ, ಅಂದು ಯಾರ ಮೈಮೇಲಾದರೂ ಕೈ ಹೋದರೆ ನನ್ನನ್ನು ಕೇಳಬೇಡಿ ಎಂದರು. ಒಂದು ಬೆಳಿಗ್ಗೆ. ಅಷ್ಟನ್ನು ಇಟ್ಟುಕೊಂಡು ಹಳ್ಳಿಗೆ, ಹುಡುಗಿಯ ಮನೆಗೆ ಹೋದೆ.

ತಾಯಿ ಊಟಕ್ಕೆ ಕೂಡಿಸದೆ ಬಿಡಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಹುಡುಗಿ ಅಂಗಳದಲ್ಲಿ ಆಡುತ್ತಿದ್ದಳು. ತಾಯಿ ಹಬ್ಬಕ್ಕೆ ಯಾರು ಯಾರು ಬರುತ್ತಾರೆಂದು ಹೇಳುತ್ತಾ ರೊಟ್ಟಿ ಬಡಿಯುತ್ತಿದ್ದರು. ದೂರದಲ್ಲಿ ಒಂದು ಸೈರನ್ ಕೂಗಿತು. ತಾಯಿ ಮಾತು ನಿಲ್ಲಿಸದೆಯೇ ಒಲೆ ಆರಿಸಿ ಎದ್ದರು. ಸ್ಟ್ಯಾಂಡಿನಿಂದ ತಾಟುಗಳನ್ನು ತೆಗೆದು ಮಡಿಸಿಟ್ಟ ಕೌದಿಯ ಮೇಲೆ ಮಲಗಿಸಿದರು. ನನ್ನ ಮುಂದಿದ್ದ ನೀರಿನ ಚರಿಗೆಯನ್ನು ಗೋಡೆಯಿಂದ ಈಚೆಗೆ ಸರಿಸಿದರು. ಅಷ್ಟರಲ್ಲಿ ಹುಡುಗಿ ತಾನಾಗಿಯೇ ಒಳಗೆ ಬಂದು ಹೊಸ್ತಿಲ ಹತ್ತಿರ ನಮ್ಮ ಕಡೆ ಬೆನ್ನು ಮಾಡಿ ಕುಳಿತಿದ್ದಳು. ತಾಯಿ ಅವಳ ಹಿಂದೆ ಕುಳಿತು, ಎರಡೂ ಅಂಗೈಯಿಂದ ಅವಳ ಕಿವಿ ಮುಚ್ಚಿದರು. ಆಗ ಮಾತು ನಿಂತಿತು.

ಓಣಿಯ ಮಾತೂ ನಿಂತಿತ್ತು. ಯಾರದೋ ಟಿವಿ ಆರಿತು, ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವ ಸದ್ದು ಅಡಗಿತು. ಕೈಯಲ್ಲಿ ತುತ್ತು ಹಿಡಿದು ನಾನು ಹುಡುಗಿಯನ್ನು ನೋಡಿದೆ. ಕತ್ತು ಭುಜದೊಳಗೆ ಇಳಿದಿತ್ತು. ಕಾಲಿನ ಬೆರಳು ಮುದುಡಿದ್ದವು.

ನೆಲ ಎದ್ದು ಕೂತ ಹಾಗಾಯಿತು. ಎದೆಗೆ ಗುದ್ದಿದಂಥ ಸದ್ದು, ಕಿಟಕಿ ಬಾಗಿಲುಗಳ ಕಟಕಟ, ಮೇಲಿನಿಂದ ಒಂದಿಷ್ಟು ಮಣ್ಣು. ತಾಯಿ ಮಗಳ ಕಿವಿಯಿಂದ ಕೈ ತೆಗೆದು ಬೆನ್ನು ತಟ್ಟಿದರು. "ಆತು, ಆತು. ಹೋತು." ಹುಡುಗಿ ಉಸಿರು ಬಿಟ್ಟು ಅಂಗಳಕ್ಕೆ ಓಡಿದಳು. ತಾಯಿ ತಾಟುಗಳನ್ನು ಒಂದೊಂದಾಗಿ ಸ್ಟ್ಯಾಂಡಿಗೆ ಏರಿಸುತ್ತಾ, "ಪಲ್ಲೆ ಹಾಕ್ಲೇನ್ರಿ?" ಎಂದರು.

"ಏನ್ರಿ ಅದು?"

"ಯಾವ್ದ್ರಿ?"

"ಈಗ ಆತಲ್ರಿ, ಅದು!"

"ಅದಾ? ಸುಣ್ಣಗಲ್ಲಿನ ಗಣಿದ್ರಿ. ಕಲ್ಲು ಒಡೆಯಾಕ ಮದ್ದು ಹಾರಸ್ತಾರ. ದಿನಾ ಇರ್ತದ."

"ಅಲ್ರೀ, ಮೊದ್ಲ ದಿನಾನೇ ಕೇಳಿದ್ನಲ್ರಿ, ಮನಿ ಹತ್ರ ಜೋರ್ ಸಪ್ಪಳ ಏನರೆ ಅದ ಏನಂತ!"

ತಾಯಿ ನಿಜವಾಗಿ ಆಶ್ಚರ್ಯಪಟ್ಟರು. "ಹೌದ್ರಿ, ಕೇಳಿದ್ರಿ. ಅದೇನ್ ಸಪ್ಪಳ್ರಿ? ನಮ್ಗ ಅದು ಟೈಮ್ರಿ. ಅದಾದ ಮ್ಯಾಲೆ ಊಟ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ತುತ್ತು ಕೆಳಗಿಟ್ಟೆ. ಹಿಂದಿನಿಂದ ಬಂದು ಕಿವಿ ಮುಚ್ಚುವುದು, ಆಮೇಲೆ ನಿಶ್ಶಬ್ದ. ನಾನು ಹೆಡ್‌ಫೋನ್ ಹಿಡಿದು ಇಷ್ಟು ದಿನ ಮಾಡಿದ್ದು ಇದನ್ನೇ ಅಲ್ಲವೇ? ಆ ಮಗುವಿನ ಮೈಗೆ ಕೂಸಾಗಿದ್ದಾಗಿನಿಂದ ಒಂದು ಪಾಠವಾಗಿತ್ತು: ಎಲ್ಲರೂ ಸುಮ್ಮನಾದರೆ ಸಿಡಿಯುತ್ತದೆ. ಇಲ್ಲಿ ಸೈರನ್, ಮೌನ, ಸಿಡಿತ, ಆಮೇಲೆ ಅವ್ವನ ‘ಆತು’. ಸುತ್ತು ಪೂರ್ತಿಯಾಗುತ್ತದೆ. ಹಳ್ಳಿಯ ಶಾಲೆಯಲ್ಲೂ ಅದೇ ಗಣಿ, ಅದೇ ಸೈರನ್, ಅದೇ ಸುತ್ತು. ಪಟ್ಟಣದ ಶಾಲೆಯಲ್ಲಿ ಮೌನ ಬರುತ್ತದೆ, ಸಿಡಿತ ಬರುವುದೇ ಇಲ್ಲ, ಆತು ಅನ್ನುವವರೂ ಇಲ್ಲ. ಕಾದು ಕಾದು ಮೈ ಬಿರಿಯುತ್ತದೆ. ನಾರಾಯಣಖೇಡದಲ್ಲಿ ಕಾಯಲಾರದೆ ತಾನೇ ತಾಟು ಬಡಿದು ಮುಗಿಸಿಕೊಳ್ಳುತ್ತಿದ್ದಳು. ನಾವೆಲ್ಲ ಸೇರಿ, ಒಳ್ಳೆಯದಾಗಲಿ ಎಂದು, ಅವಳನ್ನು ಮೌನದಿಂದ ಇನ್ನೂ ದೊಡ್ಡ ಮೌನಕ್ಕೆ ನೂಕುತ್ತಾ ಬಂದಿದ್ದೆವು. ನನಗೆ ಅಳು ಬಂತು, ಪುಂಡಿಪಲ್ಲೆ ಖಾರ ಅಂದೆ.

ಅಂದು ಸಂಜೆ ತಂದೆಗೆ ಹೇಳಿದೆ, ಹೆಡ್‌ಫೋನ್ ಬಂದ್, ಸಂಗೀತ ಬಂದ್, ರಜೆ ಪೂರ್ತಿ ನಾನೇ ಇಲ್ಲಿಗೆ ಬರುತ್ತೇನೆ.

"ಮಶೀನ್ ಬಿಟ್ಟು ಏನ್ ಮಾಡ್ತೀರಿ?"

"ತಾಟು ಬಡಿತೀವಿ."

ಅವರು ನನ್ನನ್ನು ನೋಡಿದ ರೀತಿ ಇವಳಿಗೇ ಯಾರಾದರೂ ಥೆರಪಿ ಕೊಡಬೇಕು ಅನ್ನುವ ಹಾಗಿತ್ತು. ಅವರ ತಪ್ಪಲ್ಲ. ನಾನು ಮಾಡಲು ಹೊರಟದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ತಪ್ಪಿದರೆ ಇದ್ದ ಒಂದೇ ರಜೆಯೂ ಹೋಗುತ್ತಿತ್ತು, ಹುಡುಗಿಯೂ ಹೋಗುತ್ತಿದ್ದಳು.

ಆಟ ಹೀಗಿತ್ತು. ಹುಡುಗಿಯ ಮುಂದೆ ಒಂದು ತಾಟು, ಕೈಗೆ ಸೌಟು. ನಾನು ಕೈ ಎತ್ತುತ್ತೇನೆ, ಎಲ್ಲರೂ ಸುಮ್ಮನಾಗುತ್ತೇವೆ. ಅವಳು ತನಗೆ ಬೇಕೆನಿಸಿದಾಗ ಬಡಿಯುತ್ತಾಳೆ, ತಾಯಿ ‘ಆತು’ ಅನ್ನುತ್ತಾರೆ. ಮೊದಲ ದಿನ ನನ್ನ ಕೈ ಮೇಲೆ ಹೋಗುವ ಮುಂಚೆಯೇ ಬಡಿದುಬಿಡುತ್ತಿದ್ದಳು. ಬರಬರುತ್ತಾ ಕಾಯತೊಡಗಿದಳು, ಕಣ್ಣಲ್ಲಿ ಕಳ್ಳನಗು ಬಂತು. ತಾಟಿನ ಬದಲು ಚಪ್ಪಾಳೆ ಮಾಡಿದೆವು. ಹೊರಗೆ ಓಣಿಯ ಹೆಣ್ಣುಮಕ್ಕಳು ಹಬ್ಬದ ಹೂವಿನ ಗೋಪುರ ಬತುಕಮ್ಮ ಇಟ್ಟು ಸುತ್ತು ತಿರುಗಿ ಚಪ್ಪಾಳೆ ತಟ್ಟುತ್ತಿದ್ದರಿಂದ ಅದು ಅವಳಿಗೆ ಸಲೀಸಾಯಿತು. ಆಮೇಲೆ ಚಪ್ಪಾಳೆಯ ಬದಲು ತೊಡೆಯ ಮೇಲೆ ಬೆರಳಿನ ಒಂದು ತಟ್ಟು. ನಾನು ಒಳಗೊಳಗೇ ಹಿಗ್ಗಿದೆ, ಅವಸರಪಟ್ಟೆ. ಒಂದು ದಿನ ಸದ್ದೇ ಬೇಡ, ಬರೀ ಮೌನ, ಕೊನೆಗೆ ನಾನು ‘ಆತು’ ಅನ್ನುತ್ತೇನೆ ಎಂದೆ.

ಮೌನ ಶುರುವಾಯಿತು. ಅವಳ ಕತ್ತು ಇಳಿಯಿತು. ನಾನು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಪಕ್ಕದಲ್ಲಿದ್ದ ತಾಯಿಯ ತೋಳಿಗೆ ಕಚ್ಚಿದಳು. ತಾಯಿ ಕೂಗಲಿಲ್ಲ, ಹಲ್ಲು ಕಚ್ಚಿ ಮಗಳ ತಲೆ ಸವರಿದರು. ಬಾಗಿಲಲ್ಲಿ ತಂದೆ ನಿಂತಿದ್ದರು. ತಿರುಗಿ ಹೊರಗೆ ಹೋದರು. ಮರುದಿನ ನಾನು ಹೋದಾಗ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹುಡುಗಿಯ ಹೆಸರಿತ್ತು. ಬಣ್ಣ ಇನ್ನೂ ಹಸಿಯಾಗಿತ್ತು.

ಆ ಹೆಸರನ್ನು ನೋಡುತ್ತಾ ಕುಳಿತಾಗ ಒಂದು ವಿಷಯ ಹೊಳೆಯಿತು. ತಾಟು, ಚಪ್ಪಾಳೆ, ಬೆರಳು, ಎಲ್ಲದರಲ್ಲೂ ಮೌನವನ್ನು ಮುಗಿಸುವುದು ಅವಳ ಕೈಯಲ್ಲಿತ್ತು. ಕೊನೆಯ ಮೆಟ್ಟಿಲಲ್ಲಿ ನಾನು ಅದನ್ನು ಕಿತ್ತುಕೊಂಡಿದ್ದೆ. ಹುಡುಗಿಯನ್ನು ಕರೆದು ಅವಳಿಗೆ ಬೆನ್ನು ಮಾಡಿ ಕುಳಿತೆ.

"ಈಗ ನೀನ ಅವ್ವ, ನಾ ಮಗಳು. ನನ್ನ ಕಿವಿ ಮುಚ್ಚು. ಯಾವಾಗ ಮುಗೀತು ಅನಸ್ತದೋ ಆಗ ಬಿಡು."

ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎರಡು ಪುಟ್ಟ ಬೆವರುಗೈ ನನ್ನ ಕಿವಿಯ ಮೇಲೆ ಕುಳಿತವು. ಒಳಗೆ ನನ್ನ ರಕ್ತ ಹರಿಯುವ ಸದ್ದು ಮಾತ್ರ. ಅವಳು ಬಿಡುವಂತೆಯೇ ಕಾಣಲಿಲ್ಲ. ಏನೋ ಬರುತ್ತದೆ, ಈಗ ಬರುತ್ತದೆ ಎಂದು ನನ್ನ ಬೆನ್ನೆಲ್ಲ ಬಿಗಿಯಿತು. ಸುಳ್ಳು ಹೇಳುವುದಿಲ್ಲ, ನನಗೆ ಹೆದರಿಕೆಯಾಯಿತು. ಈ ಮಗು ಹೀಗೆ ಎಷ್ಟು ಸಲ ಕುಳಿತಿದೆಯೋ ಎನಿಸಿತು. ಕೈ ಸರಿಯಿತು. ಬೆನ್ನ ಮೇಲೆ ಒಂದು ತಟ್ಟು ಬಿತ್ತು.

"ಆತು," ಎಂದಳು. "ಹೋತು."

ಆಮೇಲೆ ಅದೇ ಆಟ. ತಾಯಿಯ ಕಿವಿ, ಹಬ್ಬಕ್ಕೆ ಬಂದ ಸೋದರತ್ತೆಯ ಕಿವಿ, ಓಣಿಯ ಮಕ್ಕಳ ಕಿವಿ. "ನಂದ್ ಒಂದ ಕಿವಿ ಮೊದ್ಲ ಕಿವುಡು, ಅರ್ಧಾ ಮುಚ್ಚಿದ್ರ ಸಾಕು ತಗಿ," ಎಂದು ಸೋದರತ್ತೆ ತಮಾಷೆ ಮಾಡಿದರು. ತಂದೆ ಮಾತ್ರ ಕೂಡಲಿಲ್ಲ. ಮಧ್ಯಾಹ್ನ ಸೈರನ್ ಆದಾಗ ತಾಯಿಯ ಕೈ ಮಗಳ ಕಿವಿಯ ಮೇಲೆ, ಮಗಳ ಕೈ ನನ್ನ ಕಿವಿಯ ಮೇಲೆ, ಹೀಗೆ ಸಾಲಾಗಿ ಕೂಡುತ್ತಿದ್ದೆವು. ಎಲ್ಲ ದಿನವೂ ನೆಟ್ಟಗಿರಲಿಲ್ಲ. ಒಮ್ಮೆ ಓಣಿಯ ಹುಡುಗನ ಕೂದಲು ಕಿತ್ತಳು. ರಜೆ ಮುಗಿಯುವ ಹೊತ್ತಿಗೆ ಇವಳು ಸರಿಹೋಗಿದ್ದಾಳೆ ಎಂದು ನಾನು ಯಾರಿಗೂ ಬರೆದುಕೊಡುವ ಹಾಗಿರಲಿಲ್ಲ. ಹೆಡ್ ಮೇಡಂಗೆ ಒಂದೇ ಒಂದು ಕೇಳಿಕೊಂಡೆ: ಮೌನ ಮುಗಿದೊಡನೆ ಗಂಟೆ ಹೊಡೆಸಿ, ಮುಗಿಯಿತೆಂದು ತಿಳಿಯಲಿ. ಅಷ್ಟು ಮಾಡಬಹುದು ಎಂದರು.

ಆ ಬೆಳಿಗ್ಗೆ ತಾಯಿ ಬರಲಿಲ್ಲ. "ನನ್ನೆದಿ ತಡ್ಯಂಗಿಲ್ರಿ," ಎಂದು ಬಾಗಿಲಲ್ಲೇ ನಿಂತರು. ತಂದೆ ಆಟೋದ ಹಿಂದೆ ಟ್ರಂಕ್ ಇಟ್ಟುಕೊಂಡೇ ಬಂದರು. ಹೈದರಾಬಾದಿನ ರೈಲಿಗೆ ಇನ್ನೂ ಹೊತ್ತಿತ್ತು. ನಾವಿಬ್ಬರೂ ಶಾಲೆಯ ಗೇಟಿನ ಒಳಗೆ ಗೋಡೆಗೆ ಒರಗಿ ನಿಂತೆವು.

ಸಾಲುಗಳು ನಿಂತವು. ಎತ್ತರದ ಲೆಕ್ಕದಲ್ಲಿ ನಿಲ್ಲಿಸುವುದರಿಂದ ಜಾಗ ಬದಲಾಗಿರಲಿಲ್ಲ. ಹುಡುಗಿಯ ಮುಂದೆ ಅವಳೇ ಇದ್ದಳು, ಭುಜಕ್ಕೆ ಕಚ್ಚಿಸಿಕೊಂಡಿದ್ದ ಹುಡುಗಿ. ಹಿಂದೆ ತಿರುಗಿ ನೋಡಿ ಒಂದು ಹೆಜ್ಜೆ ಮುಂದೆ ಸರಿದಳು. ಪ್ರಾರ್ಥನೆ ಮುಗಿಯಿತು. ಹೆಡ್ ಮೇಡಂ ಕೈ ಎತ್ತಿದರು. ಅಷ್ಟು ಮಕ್ಕಳೂ ಕಣ್ಣು ಮುಚ್ಚಿದರು, ಬಯಲು ಗಪ್ಪಾಯಿತು.

ನಾನು ಗಂಟೆಗೆ ಕಾದೆ. ಗಂಟೆ ಆಗಲಿಲ್ಲ. ತಿರುಗಿ ನೋಡಿದರೆ ಗಂಟೆ ಹೊಡೆಯಬೇಕಾದ ಪ್ಯೂನ್ ಗೇಟಿನ ಹೊರಗೆ, ತಡವಾಗಿ ಬಂದ ಯಾರದೋ ಸ್ಕೂಟರ್ ಸರಿಸುತ್ತಿದ್ದ. ಮೌನ ಉದ್ದವಾಯಿತು. ಹುಡುಗಿಯ ಕತ್ತು ಭುಜದೊಳಗೆ ಇಳಿಯುತ್ತಿತ್ತು. ಅವಳ ಎರಡೂ ಕೈ ಮೇಲೆದ್ದವು, ಮುಂದಿನ ಹುಡುಗಿಯ ಕಡೆಗೆ. ಪಕ್ಕದ ಟೀಚರು ದಡಬಡಿಸಿ ಹೆಜ್ಜೆ ಇಟ್ಟರು. ತಂದೆ ಗೋಡೆ ಬಿಟ್ಟು ಮುಂದೆ ನುಗ್ಗಿದರು. ನಾನು ಅವರ ತೋಳು ಹಿಡಿದೆ, ಉಗುರು ಊರುವಷ್ಟು ಗಟ್ಟಿಯಾಗಿ.

ಎರಡೂ ಕೈ ಮುಂದಿನ ಹುಡುಗಿಯ ಕಿವಿಯ ಮೇಲೆ ಕುಳಿತವು. ಮೆತ್ತಗೆ, ಬಟ್ಟಲು ಬೋರಲು ಹಾಕಿದ ಹಾಗೆ. ಆ ಮಗು ಒಮ್ಮೆ ಬೆಚ್ಚಿ ಭುಜ ಕುಗ್ಗಿಸಿತು, ಹಾಗೇ ನಿಂತಿತು. ಟೀಚರೂ ನಿಂತರು. ಓಡಿ ಬಂದ ಪ್ಯೂನ್ ಗಂಟೆ ಬಾರಿಸಿದ.

ಹುಡುಗಿ ಕೈ ತೆಗೆದು, ಮುಂದಿನವಳ ಬೆನ್ನು ತಟ್ಟಿದಳು. ಹಲ್ಲು ಊರಿದ್ದ ಅದೇ ಭುಜದ ಕೆಳಗೆ.

"ಏಮೈಂದೇ?" ಎಂದಳು ಅವಳು ತಿರುಗಿ, ಏನಾಯಿತೇ ಎಂದು.

"ಏನಿಲ್ಲ," ಎಂದಳು ನಮ್ಮ ಹುಡುಗಿ. "ಆತು."

ಸಾಲುಗಳು ತರಗತಿ ಕಡೆಗೆ ನಡೆದವು. ತಂದೆ ಕಣ್ಣೊರೆಸಿಕೊಳ್ಳಲೂ ಮರೆತು ಗೇಟು ದಾಟಿದರು, ಅವರ ಹಿಂದೆ ನಾನು. ಆಟೋದವನು ಬೀಡಿ ಎಸೆದು ಕಿಕ್ ಹೊಡೆದ.

"ಸ್ಟೇಶನ್‌ಗೇನ್ರಿ?"

ತಂದೆ ಟ್ರಂಕಿನ ಮೇಲಿನ ಹೆಸರಿಗೆ ಅಂಗೈ ಇಟ್ಟು ಕುಳಿತರು.

"ಮನಿಗೆ ನಡಿ," ಎಂದರು.